ವಾಲ್ವು ಕಾಯುವ ಹೊತ್ತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ. ಹಳೆಯ ರೇಡಿಯೊ ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತಿರಲಿಲ್ಲ ಎನ್ನುತ್ತಾರೆ. ಮೊದಲು ಪೆಟ್ಟಿಗೆಯ ಒಳಗೆ ಮಂದವಾದ ಕೆಂಪು ಬೆಳಕು ಹತ್ತಬೇಕು. ಅರ್ಧ ನಿಮಿಷ ಸುಮ್ಮನಿರಬೇಕು. ಆಮೇಲೆ ಗುಂಯ್ ಎನ್ನುವ ಸದ್ದು. ಅದರ ಬೆನ್ನಿಗೆ ವಾರ್ತೆಯೋ, ಹರಿಕಥೆಯೋ, ಚಿತ್ರಗೀತೆಯೋ. ಆ ಅರ್ಧ ನಿಮಿಷದಲ್ಲಿ ಒಳಗೆ ಕಾಯುತ್ತಿದ್ದದ್ದು ವಾಲ್ವು.

ಇವತ್ತಿನ ಮಾತು ಆ ವಾಲ್ವಿನದು. ಜೊತೆಗೆ ಗಿಟಾರಿನದು. ಎರಡಕ್ಕೂ ಏನು ಸಂಬಂಧ ಅಂತೀರಾ? ಹಳೆಯ ಗಿಟಾರುಗಳನ್ನು ಹುಡುಕಿ ಕೊಳ್ಳುವ ಒಂದು ದೊಡ್ಡ ಬಳಗ ಪ್ರಪಂಚದಲ್ಲಿದೆ. ಆ ಬಳಗದವರು ಗಿಟಾರಿನಷ್ಟೇ ಆಸೆಯಿಂದ ವಾಲ್ವಿನ ಆಂಪ್ಲಿಫೈಯರುಗಳನ್ನೂ ಹುಡುಕುತ್ತಾರೆ. ಒಬ್ಬನೇ ಕೂತು ಕೈಯಾರೆ ಕಟ್ಟಿದ ಆಂಪ್ಲಿಫೈಯರಿಗೆ ಲಕ್ಷಗಟ್ಟಲೆ ಎಣಿಸುತ್ತಾರೆ. ಅದೇ ಜಾತಿಯ ಪೆಟ್ಟಿಗೆ ನಮ್ಮ ಊರುಗಳಲ್ಲಿ ಗುಜರಿ ಅಂಗಡಿಯ ತಕ್ಕಡಿ ಏರುತ್ತದೆ. ಕೆಜಿ ಲೆಕ್ಕ.

ಈ ಕಥೆ ಶುರುವಾಗುವುದು ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ. ವರ್ಷ 1938. ಜಾಗ ಅಮೆರಿಕದ ಕ್ಯಾಲಿಫೋರ್ನಿಯಾ ಸೀಮೆಯ ಫುಲ್ಲರ್ಟನ್. ಕಿತ್ತಳೆ ತೋಟಗಳ ನಡುವಿನ ಊರು. ಅಂಗಡಿಯ ಯಜಮಾನ ಲಿಯೊ ಫೆಂಡರ್. ಕೆಟ್ಟ ರೇಡಿಯೊ ಸರಿಮಾಡುವುದು ಅವನ ಕಸುಬು. ಸಭೆ ಸಮಾರಂಭಗಳಿಗೆ ಮೈಕ್ ಸೆಟ್ಟನ್ನು ಬಾಡಿಗೆಗೆ ಕೊಡುತ್ತಿದ್ದ. ಹಾಡುಗಾರರು, ಗಿಟಾರು ನುಡಿಸುವವರು ತಮ್ಮ ಕೆಟ್ಟ ಆಂಪ್ಲಿಫೈಯರುಗಳನ್ನು ಹೊತ್ತು ಅವನ ಬಳಿ ಬರುತ್ತಿದ್ದರು. ಅವರ ಗೋಳು ಕೇಳಿ ಕೇಳಿ ತಾನೇ ಆಂಪ್ಲಿಫೈಯರ್ ಕಟ್ಟತೊಡಗಿದ. ಆಮೇಲೆ ಗಿಟಾರನ್ನೂ ಮಾಡಿದ. ಇಡೀ ಮರದ ಹಲಗೆ, ಹೊಟ್ಟೆಯಲ್ಲಿ ಟೊಳ್ಳಿಲ್ಲ, ತಂತಿಯ ಕೆಳಗೆ ಅಯಸ್ಕಾಂತದ ಪಿಕಪ್. 1950ರಲ್ಲಿ ಅದಕ್ಕೆ ಅವನು ಇಟ್ಟ ಹೆಸರು ಬ್ರಾಡ್‌ಕಾಸ್ಟರ್. ಬಾನುಲಿಯ ಹೆಸರೇ. ಡ್ರಮ್ಮು ಮಾಡುವ ಇನ್ನೊಂದು ಕಂಪನಿ ಆ ಹೆಸರು ತನ್ನದೆಂದು ತಕರಾರು ತೆಗೆಯಿತು. 1951ರಲ್ಲಿ ಹೆಸರು ಟೆಲಿಕಾಸ್ಟರ್ ಆಯಿತು. 1954ಕ್ಕೆ ಸ್ಟ್ರ್ಯಾಟೊಕಾಸ್ಟರ್ ಬಂತು. ಇಂದು ಗಿಟಾರು ಎಂದೊಡನೆ ಬಹಳ ಜನರ ಮನಸ್ಸಿಗೆ ಬರುವ, ಮೇಲೆ ಎರಡು ಕೊಂಬು ಚಾಚಿದ ಆಕಾರ ಅದರದೇ.

ಒಂದು ಸ್ವಾರಸ್ಯ ಹೇಳಲೇಬೇಕು. ಲಿಯೊ ಫೆಂಡರ್ ಜೀವಮಾನದಲ್ಲಿ ಗಿಟಾರು ನುಡಿಸಲು ಕಲಿಯಲಿಲ್ಲ. ಅವನು ಕಡೆಯವರೆಗೂ ರೇಡಿಯೊ ಮೆಕ್ಯಾನಿಕ್ಕೇ.

1965ರ ಜನವರಿಯಲ್ಲಿ ಅವನು ಕಂಪನಿ ಮಾರಿದ. ಕೊಂಡದ್ದು ಸಿಬಿಎಸ್. ಅದೂ ಒಂದು ಬಾನುಲಿ, ದೂರದರ್ಶನ ಸಂಸ್ಥೆ. ಬೆಲೆ ಸುಮಾರು 1 ಕೋಟಿ 30 ಲಕ್ಷ ಡಾಲರು. ಹಳೆಯ ಗಿಟಾರು ಕೊಳ್ಳುವವರು ಈ ವರ್ಷವನ್ನೇ ಗೆರೆಯಾಗಿ ಎಳೆದುಕೊಂಡಿದ್ದಾರೆ. ಗೆರೆಯ ಆಚೆಯ ಫೆಂಡರಿಗೆ ಒಂದು ಬೆಲೆ, ಈಚೆಯದಕ್ಕೆ ಇನ್ನೊಂದು.

ರೇಡಿಯೊ ರಿಪೇರಿಯವನ ಕೈಯಿಂದ ಗಿಟಾರು ಬಂತು, ಅದರ ಜೊತೆಗೆ ಆಂಪ್ಲಿಫೈಯರೂ ಬಂತು ಎಂಬಲ್ಲಿಗೆ ಬಂದೆವು. ಈಗ ಆ ಆಂಪ್ಲಿಫೈಯರಿನ ಒಳಗೆ ಏನಿದೆ ನೋಡೋಣ. ನೋಡುವುದೇನು, ಕೇಳೋಣ.

ನಮ್ಮ ಸೀಮೆಯವರಿಗೆ ವಾಲ್ವಿನ ಗುಟ್ಟು ಹೇಳುವುದು ಸುಲಭ. ಕೆರೆಯ ತೂಬು ನೆನಪಿಸಿಕೊಳ್ಳಿ. ನೀರುಗಂಟಿ ತೂಬನ್ನು ಗೇಣುದ್ದ ಎತ್ತಿದರೆ ಕಾಲುವೆ ತುಂಬ ನೀರು. ಬೆರಳಷ್ಟು ಇಳಿಸಿದರೆ ಸಣ್ಣ ಧಾರೆ. ಎತ್ತಲು ಬೇಕಾದ ಬಲ ಅಲ್ಪ, ಹರಿಯುವ ನೀರು ಬೆಟ್ಟದಷ್ಟು. ವಾಲ್ವಿನಲ್ಲಿ ನೀರಿನ ಬದಲು ಎಲೆಕ್ಟ್ರಾನ್ ಹರಿಯುತ್ತದೆ. ಗಾಳಿ ತೆಗೆದ ಒಂದು ಗಾಜಿನ ಬುರುಡೆ. ಹೆಬ್ಬೆರಳಿನ ಗಾತ್ರದ್ದು. ನಡುವೆ ಕಾಯುವ ಸಣ್ಣ ಕೊಳವೆ. ಸುತ್ತ ಲೋಹದ ತಗಡು. ಇವೆರಡರ ಮಧ್ಯೆ ತೆಳು ತಂತಿಯ ಜಾಲರಿ. ಕೊಳವೆ ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಟು ತಗಡಿನತ್ತ ಹಾರುತ್ತವೆ. ಗಿಟಾರಿನ ತಂತಿ ಮೀಟಿದಾಗ ಪಿಕಪ್ಪಿನಲ್ಲಿ ಹುಟ್ಟಿದ ಚೂರು ವಿದ್ಯುತ್ತು ಜಾಲರಿಗೆ ಬರುತ್ತದೆ. ಜಾಲರಿಯೇ ತೂಬು. ತಂತಿ ಹೇಗೆ ಅದುರಿತೋ ಹಾಗೆ ಹರಿವು ಹೆಚ್ಚು ಕಡಿಮೆಯಾಗುತ್ತದೆ. ಅದೇ ಮುಂದೆ ಸ್ಪೀಕರನ್ನು ಅಲುಗಿಸುತ್ತದೆ.

ಇದೇ ಕೆಲಸವನ್ನು ಟ್ರಾನ್ಸಿಸ್ಟರೂ ಮಾಡುತ್ತದೆ. ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಕಾಸಿನಲ್ಲಿ, ಕಾಯಿಸದೆ ಮಾಡುತ್ತದೆ. ಹಾಗಿದ್ದರೆ ಗಿಟಾರಿನವರಿಗೆ ವಾಲ್ವಿನ ಹುಚ್ಚು ಏಕೆ? ಉತ್ತರ ಇರುವುದು ಮಿತಿ ಮೀರಿದಾಗ. ಸಾಮರ್ಥ್ಯಕ್ಕಿಂತ ಹೆಚ್ಚು ಸದ್ದು ಕೇಳಿದರೆ ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಧ್ವನಿಯ ಅಲೆಯ ತಲೆಯನ್ನು ಚಕ್ಕನೆ ಕತ್ತರಿಸುತ್ತದೆ. ಕಿವಿಗೆ ಅದು ಕರಕರ. ವಾಲ್ವು ಹಾಗೆ ಕತ್ತರಿಸುವುದಿಲ್ಲ, ಮೆಲ್ಲಗೆ ಬಗ್ಗಿಸುತ್ತದೆ. ಮೂಲ ಸ್ವರದ ಮೇಲೆ ಅದರ ಸಂಬಂಧಿ ಸ್ವರಗಳು ಏಳುತ್ತವೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರದ ತಂತಿಯಲ್ಲಿ ಗಾಂಧಾರ ತಾನಾಗಿ ಕೇಳಿಸುತ್ತದೆಂದು ಸಂಗೀತದವರು ಹೇಳುವುದುಂಟಲ್ಲ, ಇದೂ ಆ ವರ್ಗದ ಸಂಗತಿಯೇ. ಗಟ್ಟಿಯಾಗಿ ಮೀಟಿದರೆ ಆಂಪ್ಲಿಫೈಯರು ಗುಡುಗುತ್ತದೆ. ಮೆತ್ತಗೆ ಮೀಟಿದರೆ ತಿಳಿಯಾಗುತ್ತದೆ. ಬೆರಳಿನ ಒತ್ತಡಕ್ಕೆ ಅದು ಉತ್ತರ ಕೊಡುತ್ತದೆ. ನುಡಿಸುವವರು ಹಣ ಸುರಿಯುವುದು ಈ ಉತ್ತರಕ್ಕೆ.

ಫೆಂಡರನ ಅಂಗಡಿಯಲ್ಲಿ ನಡೆದಂಥದ್ದೇ ಇಂಗ್ಲೆಂಡಿನಲ್ಲೂ ನಡೆಯಿತು. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವನ ಕೆಲಸಗಾರರು ಫೆಂಡರಿನ ಬಾಸ್‌ಮನ್ ಆಂಪ್ಲಿಫೈಯರನ್ನು ಮಾದರಿಯಾಗಿಟ್ಟುಕೊಂಡು ತಮ್ಮದೊಂದನ್ನು ಕಟ್ಟಿದರು. ಅದಕ್ಕೂ ಸ್ವಲ್ಪ ಮುಂಚೆ ಡಿಕ್ ಡೆನ್ನಿ ಎಂಬಾತ ವಾಕ್ಸ್ ಕಂಪನಿಗೆ ಎಸಿ 30 ಎಂಬುದನ್ನು ರೂಪಿಸಿದ್ದ. ಬೀಟಲ್ಸ್ ತಂಡದ ಮೊದಲ ವರ್ಷಗಳ ಗಿಟಾರು ಸದ್ದು ಬಂದದ್ದು ಅದರಿಂದ. ಸುಮಾರು 30 ಕೆಜಿ ಭಾರ. ಎತ್ತಿ ಇಳಿಸಲು ಗಟ್ಟಿ ರಟ್ಟೆ ಬೇಕು. ಅದರ ಒಳಗೆ ಇಎಲ್ 84 ಎಂಬ ನಾಲ್ಕು ವಾಲ್ವು, ಇಸಿಸಿ 83 ಎಂಬ ಕೆಲವು. ಈ ಎರಡು ಹೆಸರು ನೆನಪಿನಲ್ಲಿರಲಿ. ಮುಂದೆ ಬೆಂಗಳೂರಿಗೆ ಬಂದಾಗ ಬೇಕಾಗುತ್ತವೆ.

ಬೆಲೆಯ ಮಾತಿಗೆ ಬರೋಣ. ಇಲ್ಲಿಯವರೆಗೆ ಹೇಳಿದ್ದು ಸದ್ದಿನ ಕಾರಣ. ಬೆಲೆಗೆ ಬೇರೆ ಕಾರಣಗಳೂ ಇವೆ.

ಗಿಬ್ಸನ್ ಕಂಪನಿಯ ಲೆಸ್ ಪಾಲ್ ಎಂಬ ಗಿಟಾರು 1958ರಿಂದ 1960ರವರೆಗೆ ನಡುವಿನ ಬಂಗಾರದ ಬಣ್ಣ ಅಂಚಿನ ಕೆಂಪಿಗೆ ಕರಗುವ ಹಾಗೆ ಬಂತು. ಆಗ ಅದು ಅಷ್ಟಾಗಿ ಬಿಕರಿಯಾಗಲಿಲ್ಲ. ಕಂಪನಿ ಆ ಮಾದರಿಯನ್ನೇ ನಿಲ್ಲಿಸಿತು. ಕೆಲವು ವರ್ಷಗಳ ನಂತರ ಗಿಟಾರಿಗ ಎರಿಕ್ ಕ್ಲಾಪ್ಟನ್ ಅಂಥದ್ದೊಂದನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸಿದ. ಕೇಳಿದವರೆಲ್ಲ ಅದೇ ಬೇಕೆಂದರು. ಆದರೆ ತಯಾರಿ ನಿಂತಿತ್ತು. ಅಂದು 300 ಡಾಲರಿನ ಒಳಗೆ ಸಿಗುತ್ತಿದ್ದದ್ದು ಈಗ ಕೆಲವು ಲಕ್ಷ ಡಾಲರು. ಬೇಡವೆಂದು ಬಿಟ್ಟ ವಸ್ತುವೇ ಅಪರೂಪವಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗುವುದು ಕಷ್ಟ.

ಹೆಸರಿನ ಬೆಲೆ ಇನ್ನೊಂದು. 2019ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ತನ್ನ ನೂರಕ್ಕೂ ಹೆಚ್ಚು ಗಿಟಾರುಗಳನ್ನು ಹರಾಜಿಗಿಟ್ಟ. ಕಪ್ಪು ಬಣ್ಣದ ಒಂದು ಸ್ಟ್ರ್ಯಾಟೊಕಾಸ್ಟರ್ ಸುಮಾರು 40 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 27 ಕೋಟಿ ರೂಪಾಯಿಗೂ ಹೆಚ್ಚು. ಹಣವನ್ನು ಪರಿಸರ ಕಾಯುವ ಒಂದು ಸಂಸ್ಥೆಗೆ ಕೊಟ್ಟ. ಮರುವರ್ಷ ರಾಕ್ ಗಾಯಕ ಕರ್ಟ್ ಕೋಬೇನ್ ನುಡಿಸಿದ್ದ ಮಾರ್ಟಿನ್ ಗಿಟಾರು 60 ಲಕ್ಷ ಡಾಲರು ಮುಟ್ಟಿತು. ಇವು ಮರದ ಬೆಲೆಯೂ ಅಲ್ಲ, ತಂತಿಯ ಬೆಲೆಯೂ ಅಲ್ಲ. ಮುಟ್ಟಿದ ಕೈಯ ಬೆಲೆ. ಇದನ್ನು ಸಂಗೀತದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಇಷ್ಟು ಹಣ ಇದ್ದಲ್ಲಿ ಮೋಸವೂ ಇರುತ್ತದೆ. ಆದ್ದರಿಂದ ಬಲ್ಲವರು ಗಿಟಾರಿನ ಹೊರ ಚೆಲುವಿಗೆ ಮರುಳಾಗುವುದಿಲ್ಲ. ತಿರುಪು ಬಿಚ್ಚಿ ಒಳಗೆ ನೋಡುತ್ತಾರೆ. ಸದ್ದು ಏರಿಸುವ ಗುಂಡಿಯ ಕೆಳಗೆ ಒಂದು ಪುಟ್ಟ ಲೋಹದ ಡಬ್ಬಿ ಇರುತ್ತದೆ. ಅದರ ಮೇಲೆ ಆರೇಳು ಅಂಕಿ ಒತ್ತಿರುತ್ತಾರೆ. 137 ಎಂದು ಶುರುವಾದರೆ ಅದು ಸಿಟಿಎಸ್ ಎಂಬ ಕಂಪನಿಯ ತಯಾರಿ. ಮುಂದಿನ ಅಂಕಿಗಳಲ್ಲಿ ವರ್ಷ. ಕೊನೆಯ ಎರಡರಲ್ಲಿ ವಾರ. 64 ಆದ ಮೇಲೆ 32 ಎಂದಿದ್ದರೆ 1964ರ ಮೂವತ್ತೆರಡನೇ ವಾರ. ಅದನ್ನು 1959ರ ಗಿಟಾರೆಂದು ಮಾರಲು ಬಂದವನು ಸಿಕ್ಕಿಬೀಳುತ್ತಾನೆ. ಬೆಸುಗೆಯ ಹೊಳಪು, ತಂತಿಯ ಬಟ್ಟೆಯ ಹೊದಿಕೆ, ಮೊಳೆಯ ತೂತು, ಎಲ್ಲವೂ ಸಾಕ್ಷಿ ಹೇಳುತ್ತವೆ.

ಹಳೆಯ ಗಿಟಾರು, ಹಳೆಯ ಆಂಪ್ಲಿಫೈಯರು, ಅವುಗಳ ಬೆಲೆ, ಅವುಗಳ ಸಾಕ್ಷಿ. ಇಷ್ಟಾಯಿತು. ಇನ್ನು ಕೈಯಾರೆ ಕಟ್ಟಿದ ಆಂಪ್ಲಿಫೈಯರುಗಳ ಲೋಕ. ಇವನ್ನು ಬೊಟೀಕ್ ಆಂಪ್ಲಿಫೈಯರು ಎನ್ನುತ್ತಾರೆ. ಕಾರ್ಖಾನೆಯಿಲ್ಲ. ಒಬ್ಬ ಮನುಷ್ಯ, ಒಂದು ಮೇಜು, ಒಂದು ಬೆಸುಗೆ ಕಡ್ಡಿ.

ಈ ಲೋಕದ ದೊಡ್ಡ ಹೆಸರು ಅಮೆರಿಕದ ಅಲೆಕ್ಸಾಂಡರ್ ಡಂಬಲ್. 2022ರಲ್ಲಿ ತೀರಿಕೊಂಡ. ಜೀವಮಾನವೆಲ್ಲ ಸೇರಿ ಕಟ್ಟಿದ್ದು ಸುಮಾರು 300 ಆಂಪ್ಲಿಫೈಯರು. ನುಡಿಸುವವನ ಬೆರಳನ್ನು ಮೊದಲು ಕೇಳುತ್ತಿದ್ದ. ಅದಕ್ಕೆ ತಕ್ಕಂತೆ ಕಟ್ಟುತ್ತಿದ್ದ. ಬೇರೆಯವರು ನಕಲು ಮಾಡಬಾರದೆಂದು ಒಳಗಿನ ಬಿಡಿಭಾಗಗಳ ಮೇಲೆ ಗಟ್ಟಿಯಾಗುವ ಅಂಟು ಸುರಿದು ಮುಚ್ಚುತ್ತಿದ್ದ. ಇಂದು ಅವನದೊಂದು ಆಂಪ್ಲಿಫೈಯರಿಗೆ ಲಕ್ಷ ಡಾಲರು ದಾಟಿದ ಬೆಲೆಯಿದೆ. ಕೆನ್ ಫಿಶರ್ ಎಂಬ ಇನ್ನೊಬ್ಬ ತನ್ನ ಟ್ರೈನ್‌ರೆಕ್ ಆಂಪ್ಲಿಫೈಯರುಗಳಿಗೆ ನಂಬರು ಕೊಡುತ್ತಿರಲಿಲ್ಲ. ಒಂದೊಂದಕ್ಕೂ ಒಂದೊಂದು ಹೆಣ್ಣು ಹೆಸರು ಇಡುತ್ತಿದ್ದ.

ಈಗ ನಮ್ಮ ಕಡೆ ತಿರುಗೋಣ. ಬಸ್ ಸ್ಟ್ಯಾಂಡಿನ ಹಿಂದೆ, ಪೇಟೆ ಬೀದಿಯ ಮೂಲೆಯಲ್ಲಿ, ಮರ್ಫಿ, ಫಿಲಿಪ್ಸ್, ಬುಷ್ ರೇಡಿಯೊಗಳ ರಾಶಿಯ ನಡುವೆ ಕೂತಿದ್ದ ಮೆಕ್ಯಾನಿಕ್ ನೆನಪಿದ್ದಾರೆಯೇ? ಅವರು ರೇಡಿಯೊ ರಿಪೇರಿ ಮಾಡುತ್ತಿದ್ದರು. ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ದೆಹಲಿಯ ಅಹುಜಾ ಕಂಪನಿಯ ಆಂಪ್ಲಿಫೈಯರು ಕೊಳ್ಳಲು ಹಣ ಸಾಲದಿದ್ದರೆ ತಗಡು ಬಗ್ಗಿಸಿ, ಟ್ರಾನ್ಸ್‌ಫಾರ್ಮರ್ ಸುತ್ತಿಸಿ, ವಾಲ್ವು ಹೊಂದಿಸಿ ತಾವೇ ಒಂದನ್ನು ಕಟ್ಟುತ್ತಿದ್ದರು. ಆವಣಿ ಜಾತ್ರೆಯೋ, ಚಿಕ್ಕತಿರುಪತಿಯ ಉತ್ಸವವೋ, ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕವೋ, ಆ ಪೆಟ್ಟಿಗೆ ಬೆಳಗಿನ ತನಕ ಕಾದು ಕೂಗಬೇಕು. ಮಳೆ ಬಂದರೂ ಕೂಗಬೇಕು. ವೋಲ್ಟೇಜ್ ಬಿದ್ದರೂ ಕೂಗಬೇಕು. ಡಂಬಲ್ ಮಾಡಿದ್ದಕ್ಕೂ ನಮ್ಮ ಮೆಕ್ಯಾನಿಕ್ ಮಾಡಿದ್ದಕ್ಕೂ ಕೌಶಲದಲ್ಲಿ ಅಂತರವಿರಬಹುದು. ಜಾತಿ ಒಂದೇ. ಇವರ ಪೆಟ್ಟಿಗೆಯ ಮೇಲೆ ಹೆಸರಿರಲಿಲ್ಲ, ಅಷ್ಟೆ. ಇದ್ದರೂ ಅದು ಬಿಳಿ ಪೇಂಟಿನಲ್ಲಿ ಬರೆದ ಸೌಂಡ್ ಸಿಸ್ಟಂ ಹೆಸರು, ಕೆಳಗೆ ಊರು.

ಆ ಪೆಟ್ಟಿಗೆಗಳಿಗೆ ವಾಲ್ವು ಎಲ್ಲಿಂದ ಬರುತ್ತಿತ್ತು? ಮೊದಲು ವಿದೇಶದಿಂದ. ಆಮೇಲೆ ಬೆಂಗಳೂರಿನಿಂದ.

ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, ಶುರುವಾದದ್ದು 1954ರಲ್ಲಿ. ಕಾರ್ಖಾನೆ ಜಾಲಹಳ್ಳಿಯಲ್ಲಿ. ಸೈನ್ಯಕ್ಕೆ ಸಂಪರ್ಕದ ಯಂತ್ರಗಳನ್ನು ಮಾಡುವುದು ಮುಖ್ಯ ಕೆಲಸ. 1961ರಲ್ಲಿ ಅಲ್ಲಿ ರೇಡಿಯೊ ವಾಲ್ವುಗಳ ತಯಾರಿ ಆರಂಭವಾಯಿತು. 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರುಗಳು. ಕಳಿಸುವ ಯಂತ್ರವೂ ಜಾಲಹಳ್ಳಿಯದು, ಮನೆಯಲ್ಲಿ ಕೇಳುವ ರೇಡಿಯೊದ ವಾಲ್ವೂ ಜಾಲಹಳ್ಳಿಯದು ಎನ್ನುವ ಕಾಲ ಅದು. ನಡುವೆ ಒಂದು ಸಂಗತಿ ಗಮನಿಸಿ. 1962ರಲ್ಲಿ ಅದೇ ಬಿಇಎಲ್ ಟ್ರಾನ್ಸಿಸ್ಟರಿನ ಜಾತಿಯ ಜರ್ಮೇನಿಯಂ ಬಿಡಿಭಾಗಗಳನ್ನೂ ಮಾಡಲು ತೊಡಗಿತು. ಅಂದರೆ ವಾಲ್ವಿನ ವಾರಸುದಾರ ಅದೇ ಮನೆಯಲ್ಲಿ ಒಂದೇ ವರ್ಷದ ಅಂತರದಲ್ಲಿ ಹುಟ್ಟಿದ.

ಆಗಲೇ ಎರಡು ಹೆಸರು ನೆನಪಿಡಿ ಎಂದು ಹೇಳಿದ್ದೆ. ಇಎಲ್ 84, ಇಸಿಸಿ 83. ಬೀಟಲ್ಸ್ ಆಂಪ್ಲಿಫೈಯರಿನ ವಾಲ್ವುಗಳು. ಬಿಇಎಲ್ ಮಾಡಿದವುಗಳಲ್ಲಿ ಇವೂ ಸೇರಿದ್ದವು. ಇಂದು ಯುರೋಪು, ಅಮೆರಿಕದ ಹಳೆ ವಾಲ್ವಿನ ವ್ಯಾಪಾರಿಗಳ ಪಟ್ಟಿಯಲ್ಲಿ ಬಿಇಎಲ್ ಎಂಬ ಹೆಸರು ಕಾಣಸಿಗುತ್ತದೆ. ಇಂಗ್ಲೆಂಡಿನ ಪ್ರಸಿದ್ಧ ಮುಲ್ಲಾರ್ಡ್ ವಾಲ್ವಿನ ಜೊತೆಗಿಟ್ಟು ತೂಗುವ ಗಿಟಾರಿಗರೂ ಇದ್ದಾರೆ. ಬಳಸದೆ ಡಬ್ಬಿಯಲ್ಲೇ ಉಳಿದದ್ದಾದರೆ ಬೇಡಿಕೆ ಇನ್ನೂ ಹೆಚ್ಚು. ಈಗ ವಾಲ್ವು ಮಾಡುವ ದೇಶಗಳು ಬೆರಳೆಣಿಕೆ. ರಷ್ಯಾ, ಚೀನಾ, ಸ್ಲೊವಾಕಿಯಾ ಮುಖ್ಯವಾದವು. 2022ರಲ್ಲಿ ಯುಕ್ರೇನಿನ ಯುದ್ಧ ಶುರುವಾದಾಗ ರಷ್ಯಾದ ವಾಲ್ವು ಬರುವುದು ತಡವರಿಸಿತು. ಗಿಟಾರಿನವರು ಅಂಗಡಿಗೆ ಓಡಿದರು. ಬೆಲೆ ಏರಿತು. ಅಂಥ ಹೊತ್ತಿನಲ್ಲಿ ಹಳೆಯ ದಾಸ್ತಾನಿಗೆ ಇನ್ನಷ್ಟು ಮರ್ಯಾದೆ.

ನಮ್ಮವರು ಆ ವಾಲ್ವುಗಳನ್ನು ಏನು ಮಾಡಿದರು? ಬಹುಪಾಲು ಎಸೆದರು. ಟ್ರಾನ್ಸಿಸ್ಟರ್ ಬಂದ ಮೇಲೆ ದೊಡ್ಡ ರೇಡಿಯೊ ಅಟ್ಟ ಸೇರಿತು. ಅಟ್ಟದಿಂದ ಗುಜರಿ ಸೇರಿತು. ತಾಮ್ರದ ಆಸೆಗೆ ಟ್ರಾನ್ಸ್‌ಫಾರ್ಮರ್ ಒಡೆದರು. ಗಾಜು ಕಸಕ್ಕೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡಿನ ಹಳೆಯ ಅಂಗಡಿಗಳಿಗೆ, ಭಾನುವಾರದ ಸಂಡೇ ಬಜಾರಿಗೆ ಹೋದದ್ದು ಒಂದಿಷ್ಟು.

ಬಿಇಎಲ್ ಕಥೆಯಾಯಿತು. ಕೋಲಾರಕ್ಕೂ ಗಿಟಾರಿಗೂ ಇನ್ನೊಂದು ನಂಟಿದೆ. ಅದು ವಿದ್ಯುತ್ತಿನದು.

1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಸುಮಾರು 150 ಕಿಲೋಮೀಟರು ದೂರ. ಆಗಿನ ಕಾಲಕ್ಕೆ ಪ್ರಪಂಚದ ಅತಿ ಉದ್ದದ ತಂತಿ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಗಣಿಗೆ ವಿದ್ಯುತ್ತು ಬಂದ ಅದೇ 1902ರಲ್ಲಿ ಅಮೆರಿಕದ ಕಲಮಜೂ ಎಂಬ ಊರಿನಲ್ಲಿ ಗಿಬ್ಸನ್ ಕಂಪನಿ ಹುಟ್ಟಿತು. ಮ್ಯಾಂಡೊಲಿನ್ ಮತ್ತು ಗಿಟಾರು ಮಾಡುವ ಕಂಪನಿ. ಗಿಟಾರಿಗೆ ವಿದ್ಯುತ್ತು ತಗಲಲು ಇನ್ನೂ ಮೂವತ್ತು ವರ್ಷ ಬೇಕಿತ್ತು. ಗಣಿಯ ಬಂಗಲೆಗಳಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಆ ಬೆಳಕು ಪಕ್ಕದ ಹಳ್ಳಿಗಳಿಗೆ ಬರಲು ಮಾತ್ರ ದಶಕಗಳೇ ಹಿಡಿದವು. ಅದನ್ನೂ ಹೇಳದೆ ಬಿಟ್ಟರೆ ಕಥೆ ಅರ್ಧವಾಗುತ್ತದೆ.

ಆ ಗಣಿಯ ಊರಾದ ಕೆಜಿಎಫ್‌ನ ಕ್ಲಬ್ಬುಗಳಲ್ಲಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ನೃತ್ಯಕೂಟ ನಡೆಸುತ್ತಿದ್ದರು. ಕ್ರಿಸ್‌ಮಸ್ ಬಂದರೆ ಬ್ಯಾಂಡು, ಪಿಯಾನೊ, ಗಿಟಾರು. ಮನೆಗಳಲ್ಲೂ ಚರ್ಚುಗಳಲ್ಲೂ ಗಿಟಾರು ನೆಲೆಸಿತು. ಸ್ವಾತಂತ್ರ್ಯದ ನಂತರ ಬಹಳ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾ ಸೇರಿದವು. 2001ರ ಫೆಬ್ರವರಿ ಕೊನೆಯ ದಿನ ಗಣಿ ಮುಚ್ಚಿತು. ಉಳಿದವರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಾದರು.

ಚಿನ್ನದ ಮಾತು ಬಂತು, ಒಂದು ಪಕ್ಕದ ಮಾತು. ಕೆಲವು ಉತ್ತಮ ದರ್ಜೆಯ ವಾಲ್ವುಗಳ ಕಾಲಿಗೆ ಚಿನ್ನದ ಲೇಪವಿರುತ್ತದೆ. ಚಿನ್ನಕ್ಕೆ ತುಕ್ಕಿಲ್ಲವಲ್ಲ, ಸಂಪರ್ಕ ಕೆಡುವುದಿಲ್ಲ. ಒಡವೆ ಬಿಟ್ಟು ಚಿನ್ನ ಮಾಡುವ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ವಿದೇಶಿ ಗಿಟಾರು ನಮ್ಮ ಸಾಮಾನ್ಯ ಹುಡುಗರ ಕೈಗೆ ಬರುತ್ತಿರಲಿಲ್ಲ. 1991ರ ಮುಂಚೆ ಆಮದಿಗೆ ಲೈಸೆನ್ಸು, ಸುಂಕ, ನೂರೆಂಟು ಅಡ್ಡಿ. ಬೆಂಗಳೂರಿನ ಹ್ಯೂಮನ್ ಬಾಂಡೇಜ್‌ನಂಥ 1970ರ ದಶಕದ ತಂಡಗಳು ಬೆಳೆದದ್ದು ಆ ಬರಗಾಲದಲ್ಲಿ. ದೇಶದ ಎಷ್ಟೋ ತಂಡಗಳು ಗಿಟಾರನ್ನು ಬಡಗಿಯಿಂದ, ಆಂಪ್ಲಿಫೈಯರನ್ನು ರೇಡಿಯೊ ಮೆಕ್ಯಾನಿಕ್ಕಿನಿಂದ ಮಾಡಿಸಿಕೊಂಡವು. ಊರುಗಳಿಗೆ ಬಂದದ್ದು ಕೋಲ್ಕತ್ತದ ಗಿವ್‌ಸನ್, ಗಿಬ್‌ಟೋನ್, ಹೋಬ್ನರ್. ಹೆಸರು ಕೇಳಿದರೇ ದೂರದ ನೆಂಟರು ಯಾರೆಂದು ತಿಳಿಯುತ್ತದೆ. ತಂತಿ ಒತ್ತಿದರೆ ಬೆರಳು ಕೊಯ್ಯುತ್ತಿತ್ತು. ಆದರೂ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಎರಡು ತಲೆಮಾರಿನ ಗಿಟಾರಿಗರು ತಯಾರಾದದ್ದು ಅವುಗಳ ಮೇಲೆ. ಹರಾಜಿನಲ್ಲಿ ಅವಕ್ಕೆ ಬೆಲೆಯಿಲ್ಲ. ಇರಬೇಕಿತ್ತು.

ಇಲ್ಲಿಯವರೆಗೆ ವಾಲ್ವು, ವಿದ್ಯುತ್ತು, ಊರಿನ ಕೈಕೆಲಸ. ಉಳಿದದ್ದು ಮರ.

ದೊಡ್ಡ ಕಂಪನಿಗಳು ಹಿಂದೆ ಗಿಟಾರಿಗೆ ಬ್ರೆಜಿಲಿನ ಬೀಟೆ ಬಳಸುತ್ತಿದ್ದವು. 1960ರ ದಶಕದಲ್ಲಿ ಬ್ರೆಜಿಲ್ ದಿಮ್ಮಿಗಳ ರಫ್ತು ನಿಲ್ಲಿಸಿತು. 1969ರ ಸುಮಾರಿಗೆ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ತಿರುಗಿತು. ದಕ್ಷಿಣದ ಘಟ್ಟದ ಬೀಟೆ. ಅಂದಿನಿಂದ ಜಗತ್ತಿನ ಅದೆಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು, ಪಕ್ಕ ನಮ್ಮ ಕಾಡಿನದು. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಬೀಟೆಯ ಸಾಗಣೆಗೆ ಕಾಗದಪತ್ರ ಕಡ್ಡಾಯ ಮಾಡಿತು. ಗಿಟಾರು ಹೊತ್ತು ವಿಮಾನ ಹತ್ತುವ ಕಲಾವಿದರೂ ಹೆದರಿದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲಿನ ಬೀಟೆಗೆ ಮಾತ್ರ 1992ರಲ್ಲಿ ಬಂದ ಕಟ್ಟುನಿಟ್ಟಿನ ನಿರ್ಬಂಧ ಹಾಗೆಯೇ ಇದೆ. ಹಳೆಯ ಗಿಟಾರುಗಳು ದುಬಾರಿಯಾಗಲು ಅದೂ ಒಂದು ಕಾರಣ. ಆ ಮರ ಇನ್ನು ಸುಲಭಕ್ಕೆ ಸಿಗುವಂತಿಲ್ಲ.

ಮರ ಮಾತ್ರವಲ್ಲ, ವಿದ್ಯೆಯೂ ಇಲ್ಲಿಂದ ಹೋಗಿದೆ. 1970ರ ದಶಕದಲ್ಲಿ ಶಕ್ತಿ ತಂಡ ಕಟ್ಟಿದ ಗಿಟಾರಿಗ ಜಾನ್ ಮೆಕ್‌ಲಾಫ್ಲಿನ್ ವೀಣೆ ಅಭ್ಯಾಸ ಮಾಡಿದ್ದವನು. ಗಿಟಾರಿನ ಹಿಡಿಯಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ಕೊರೆಸಿ ಹಳ್ಳ ಮಾಡಿಸಿದ. ವೀಣೆಯಂತೆ ತಂತಿಯನ್ನು ಎಳೆದು ಗಮಕ ತೆಗೆಯಲು ಅದು ಬೇಕಿತ್ತು. ಅಡ್ಡಲಾಗಿ ಶ್ರುತಿಯ ತಂತಿಗಳನ್ನೂ ಹಾಕಿಸಿಕೊಂಡ. ಆ ಗಿಟಾರು ಈಗ ಚರಿತ್ರೆಯ ವಸ್ತು.

ಕೊನೆಯದಾಗಿ, ಇಂಥ ವಸ್ತು ನಿಮ್ಮ ಮನೆಯಲ್ಲೇ ಇದ್ದರೆ ಏನು ಮಾಡಬೇಕು? ಇಷ್ಟು ಹೊತ್ತಿನ ಮಾತೆಲ್ಲ ಇದಕ್ಕಾಗಿಯೇ. ಸ್ವಲ್ಪ ಗಮನವಿಟ್ಟು ಕೇಳಿ.

ಮೊದಲು ಮರದ್ದು. ಗಿಟಾರಿನ ತೆಳು ಮರಕ್ಕೆ ಗಾಳಿಯಲ್ಲಿ ನೂರಕ್ಕೆ ಐವತ್ತರಷ್ಟು ತೇವ ಇದ್ದರೆ ಹಿತ. ನಮ್ಮ ಸೀಮೆಯ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿ ಅದಕ್ಕಿಂತ ಬಹಳ ಒಣಗುತ್ತದೆ. ಶೀಟಿನ ಮಾಡಿನ ಕೆಳಗೆ, ಗೋಡೆಗೆ ನೇತುಹಾಕಿದ ಗಿಟಾರು ಸೀಳುತ್ತದೆ. ಪೆಟ್ಟಿಗೆಯಲ್ಲಿಡಿ. ಒಳಗೆ ಸಣ್ಣ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಡಿ. ಡಬ್ಬಿಗೆ ತೂತಿರಲಿ, ನೀರು ಸುರಿಯದಿರಲಿ. ಬಹಳ ದಿನ ನುಡಿಸದಿದ್ದರೆ ತಂತಿಯನ್ನು ಸ್ವಲ್ಪ ಸಡಿಲಿಸಿ. ಗೆದ್ದಲಿನ ಮಾತು ನಿಮಗೆ ಹೇಳಬೇಕಿಲ್ಲ.

ಆಂಪ್ಲಿಫೈಯರಿನದು ಇನ್ನೂ ಮುಖ್ಯ. ಇದು ಜೀವದ ಪ್ರಶ್ನೆ. ವಾಲ್ವಿನ ಪೆಟ್ಟಿಗೆಯಲ್ಲಿ ಮುನ್ನೂರು ನಾನೂರು ವೋಲ್ಟು ಓಡಾಡುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳು ಆ ಹೊಡೆತವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಲ್ಲವರಲ್ಲದೆ ಯಾರೂ ಒಳಗೆ ಕೈಯಿಡಬಾರದು. ಹಳೆಯವುಗಳಿಗೆ ಅರ್ತ್ ತಂತಿಯೂ ಇರುವುದಿಲ್ಲ. ಅಮೆರಿಕದಿಂದ ನೆಂಟರು ತಂದದ್ದಾದರೆ ಅದು 120 ವೋಲ್ಟಿನದು. ನಮ್ಮ 230ಕ್ಕೆ ನೇರ ಹಾಕಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತೆಂದೇ ತಿಳಿಯಿರಿ. ವರ್ಷಗಟ್ಟಲೆ ಸುಮ್ಮನಿದ್ದ ಪೆಟ್ಟಿಗೆಗೆ ಒಮ್ಮೆಲೇ ಪೂರ್ತಿ ಕರೆಂಟು ಕೊಡಬಾರದು. ನಮ್ಮ ಎಲೆಕ್ಟ್ರಿಷಿಯನ್ನರು ಬಲ್ಬು ಹಾಕಿದ ಸೀರೀಸ್ ಬೋರ್ಡು ಬಳಸುತ್ತಾರಲ್ಲ, ಅದರಲ್ಲೇ ಮೊದಲು ಪರೀಕ್ಷಿಸಬೇಕು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ಎಚ್ಚರಿಸುತ್ತದೆ.

ಕೇಳುಗರೇ, ಅಟ್ಟದ ಮೇಲೆ ಹಳೆಯ ರೇಡಿಯೊ, ಹಳೆಯ ಮೈಕ್ ಸೆಟ್ಟು, ತಂತಿ ಹರಿದ ಗಿಟಾರು ಇದ್ದರೆ ಗುಜರಿಯವರನ್ನು ಕೂಗುವ ಮುಂಚೆ ಒಮ್ಮೆ ಕೆಳಗಿಳಿಸಿ. ಪ್ಲಗ್ಗು ಹಾಕಬೇಡಿ. ಊರಿನಲ್ಲಿ ಹಳೆಯ ರೇಡಿಯೊ ಮೆಕ್ಯಾನಿಕ್ ಇನ್ನೂ ಇದ್ದರೆ ಅವರ ಬಳಿ ಒಯ್ಯಿರಿ. ಗಾಜಿನ ಬುರುಡೆಯ ಮೇಲೆ ಬಿಇಎಲ್ ಎಂದಿದೆಯೇ ನೋಡಲು ಹೇಳಿ. ಎಲೆಕ್ಟ್ರಾನಿಕ್ಸ್ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಆ ಹಿರಿಯರು ಹೇಳುವುದನ್ನು ಅವರು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಯಾವ ವಾಲ್ವು, ಯಾವ ಟ್ರಾನ್ಸ್‌ಫಾರ್ಮರ್, ಯಾವ ವರ್ಷ, ಯಾವ ಜಾತ್ರೆಗೆ ಕಟ್ಟಿದ್ದು, ಎಲ್ಲವನ್ನೂ.